ಆಟದ ಹೊತ್ತಗೆ ಯಾರ ಸ್ವತ್ತು?

ಆಟಕ್ಕೆ ಬರುವವನು ಕೈಯಲ್ಲಿ ಏನನ್ನು ಹಿಡಿದು ಬರಬೇಕು? ನನ್ನ ವಯಸ್ಸಿನವರಿಗೆ ಇದೊಂದು ಪ್ರಶ್ನೆಯೆಂದೇ ತೋರದು. ಅಳಗುಳಿ ಮಣೆಗೆ ಒಂದು ಹಿಡಿ ಹುಣಿಸೆಬೀಜ, ಚೌಕಾಬಾರಕ್ಕೆ ನಾಲ್ಕು ಕವಡೆ, ಆಡು ಹುಲಿ ಆಟಕ್ಕೆ 3 ದೊಡ್ಡ ಕಲ್ಲು ಮತ್ತು 15 ಸಣ್ಣ ಕಲ್ಲು. ಇಷ್ಟಾದರೆ ಮಧ್ಯಾಹ್ನ ಕಳೆದು ಸಂಜೆಯಾಗುವುದು ತಿಳಿಯುತ್ತಿರಲಿಲ್ಲ. ಅದನ್ನೂ ಪ್ರತಿಯೊಬ್ಬರೂ ತರಬೇಕೆಂಬ ಕಟ್ಟಳೆಯಿರಲಿಲ್ಲ. ಒಬ್ಬರು ತಂದರೆ ನಾಲ್ವರು ಆಡುತ್ತಿದ್ದೆವು. ನಿಯಮವನ್ನಂತೂ ಯಾರೂ ತರುತ್ತಿರಲಿಲ್ಲ. ಅದು ನಮಗಿಂತ ಮೊದಲೇ ಜಗಲಿಯ ಮೇಲೆ ಬಂದು ಕುಳಿತಿರುತ್ತಿತ್ತು, ಯಾರೋ ಅಜ್ಜಿಯ ನಾಲಗೆಯ ಮೇಲೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬ ಜಗಳ ಎದ್ದರೆ, ಆ ಅಜ್ಜಿ ಅಕ್ಕಿ ಆರಿಸುತ್ತಲೇ ತೀರ್ಪು ಕೊಡುತ್ತಿದ್ದಳು. ಪಕ್ಕದ ಬೀದಿಯ ಅಜ್ಜಿಯ ತೀರ್ಪು ಬೇರೆಯಾಗಿರುತ್ತಿತ್ತು. ಆ ಬೀದಿಗೆ ಹೋದಾಗ ಆ ಬೀದಿಯ ನಿಯಮ, ಅಷ್ಟೇ.

ಇದು ನಿಜವಾಗಿ ಪ್ರಶ್ನೆಯೇ ಎಂದು ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಪೊಂಗಲ್ ರಜೆಗೆಂದು ಕಂಬಂ ಕಣಿವೆಯ ನಮ್ಮ ಊರಿಗೆ ಬಂದಾಗ, ಗಟ್ಟಿ ರಟ್ಟಿನ ಒಂದು ದೊಡ್ಡ ಇಂಗ್ಲಿಷ್ ಪುಸ್ತಕವನ್ನೂ ಒಂದು ಸಣ್ಣ ಚೀಲದ ತುಂಬ ದಾಳಗಳನ್ನೂ ತಂದಿದ್ದ. ಪಗಡೆಯ ದಾಳ, ಲೂಡೋ ಆಟದ ಆರು ಮುಖದ ದಾಳ ಮಾತ್ರ ಕಂಡಿದ್ದ ನನಗೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು ರತ್ನಪಡಿಯ ಅಂಗಡಿಯ ಸರಕಿನಂತೆ ಕಂಡವು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ಸಾಮಗ್ರಿ ಅದು. ಹಲಗೆಯಿಲ್ಲದೆಯೂ ಆಡಬಹುದಾದ ಆಟ. ಒಬ್ಬ ಕಥೆಯನ್ನು ನಡೆಸುತ್ತಾನೆ. ಉಳಿದ ನಾಲ್ಕೈದು ಮಂದಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಆ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂಬುದನ್ನು ಆ ಕ್ಷಣದಲ್ಲೇ ಹೇಳುತ್ತ ಹೋಗುತ್ತಾರೆ. ಮಾಡಹೊರಟದ್ದು ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಇದನ್ನು ಮೂರು ಕಿರುಹೊತ್ತಗೆಗಳಾಗಿ ಒಂದು ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಮೊದಲ ಮುದ್ರಣ 1000 ಪ್ರತಿ. ಬೆಲೆ 10 ಡಾಲರ್.

ಅವನು ಇಷ್ಟು ವಿವರಿಸುವಷ್ಟರಲ್ಲಿ ನನಗೆ ಕಾಸರಗೋಡಿನ ನೆನಪಾಯಿತು. “ಇದು ತಾಳಮದ್ದಳೆಯಲ್ಲವೇನಪ್ಪಾ?” ಎಂದೆ. ಭಾಗವತ ಕಥೆಯನ್ನು ನಡೆಸುತ್ತಾನೆ. ವೇಷವಿಲ್ಲದೆ, ಕುಣಿತವಿಲ್ಲದೆ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ವಾಲಿಯಾಗಿ, ರಾಮನಾಗಿ, ಕರ್ಣನಾಗಿ, ಕೃಷ್ಣನಾಗಿ ಆಶುವಾಗಿ ಮಾತು ಕಟ್ಟುತ್ತಾರೆ. ದಾಳವೊಂದಿಲ್ಲ, ಅಷ್ಟೇ. ನಗುತ್ತಾನೆಂದುಕೊಂಡಿದ್ದೆ, ಅವನು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ಮಾವ, ಅಲ್ಲಿ ಅರ್ಥ ಹೇಳುವವರು ಪುಸ್ತಕ ಕೊಂಡಿರಬೇಕೇ?” ಎಂದು ಕೇಳಿದ. ಇಲ್ಲವೆಂದೆ. “ನಮ್ಮಲ್ಲಿ ಕೊಂಡಿರಬೇಕು” ಎಂದ. ಈ ಪ್ರಬಂಧ ಹುಟ್ಟಿದ್ದು ಆ ಒಂದು ಮಾತಿನಿಂದ.

ಮನೆಯಲ್ಲಿ ಗೆಳೆಯರು ಕೂಡಿ ಆಡುವಾಗ ಈ ಕಟ್ಟಳೆಯಿಲ್ಲ. ಆದರೆ ಈ ಆಟಕ್ಕೆ ಇನ್ನೊಂದು ರೂಪವಿದೆ, ಸಂಘಟಿತ ಆಟ. ಒಂದು ಊರಿನ ಮೇಜಿನಲ್ಲಿ ಬೆಳೆಸಿದ ಪಾತ್ರವನ್ನು ಇನ್ನೊಂದು ಊರಿನ ಮೇಜಿಗೆ ಕೊಂಡೊಯ್ದು, ಮುಖ ಕಾಣದವರೊಡನೆ ಕುಳಿತು, ಅದೇ ಮಹಾಕಥೆಯನ್ನು ಮುಂದುವರಿಸುವ ಏರ್ಪಾಡು ಅದು. ಪ್ರಕಾಶಕರ ಆಶ್ರಯದಲ್ಲಿ 1980ರಲ್ಲಿ ಇದಕ್ಕಾಗಿ ಒಂದು ಆಟಗಾರರ ಸಂಘ ಹುಟ್ಟಿತು. 2000ದಿಂದ 2008ರವರೆಗೆ ನಡೆದ ‘ಲಿವಿಂಗ್ ಗ್ರೇಹಾಕ್’ ಎಂಬ ಕಥಾಸರಣಿಯಲ್ಲಿ ನಿಜಜಗತ್ತಿನ ಒಂದೊಂದು ಪ್ರದೇಶಕ್ಕೆ ಕಲ್ಪನೆಯ ಲೋಕದ ಒಂದೊಂದು ಸೀಮೆಯನ್ನು ಹಂಚಿಕೊಟ್ಟಿದ್ದರು. 2008ರಲ್ಲಿ ಪೈಜೋ ಎಂಬ ಸಂಸ್ಥೆಯ ‘ಪಾತ್‌ಫೈಂಡರ್ ಸೊಸೈಟಿ’ ಆರಂಭವಾಯಿತು. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಈಚಿನ ಏರ್ಪಾಡಿಗೆ ‘ಅಡ್ವೆಂಚರರ್ಸ್ ಲೀಗ್’ ಎಂದು ಹೆಸರು. ನಮ್ಮ ಮೇಳಗಳ ತಿರುಗಾಟವನ್ನು ನೆನೆದರೆ ಇದರ ಚಿತ್ರ ಕಣ್ಣಿಗೆ ಕಟ್ಟೀತು. ಭೇದವೆಂದರೆ, ಇಲ್ಲಿ ತಿರುಗಾಡುವುದು ಮೇಳವಲ್ಲ, ಪಾತ್ರ.

ಹೀಗೆ ಊರೂರು ತಿರುಗುವ ಪಾತ್ರಕ್ಕೆ ಊರೂರಿನ ಅಜ್ಜಿಯ ತೀರ್ಪು ಒಗ್ಗದು. ಎಲ್ಲೆಡೆ ಒಂದೇ ನಿಯಮ ಬೇಕು. ನಿಯಮ ಒಂದಾಗಬೇಕಾದರೆ ಅದು ಅಚ್ಚಾಗಬೇಕು. ಅಚ್ಚಾದದ್ದನ್ನು ಯಾರಾದರೂ ಮೇಜಿಗೆ ತರಬೇಕು. ಯಾರು ತರಬೇಕು ಎಂಬಲ್ಲಿ ಕಟ್ಟಳೆ ಬಿಗಿಯಾಗುತ್ತದೆ. ಪಾತ್‌ಫೈಂಡರ್ ಸೊಸೈಟಿಯ ಪದ್ಧತಿಯನ್ನು ಅವನು ಬಿಡಿಸಿ ಹೇಳಿದ. ಮೂಲಗ್ರಂಥದಾಚೆಯ ಪುಸ್ತಕಗಳಲ್ಲಿ ಬರುವ ಮಂತ್ರವನ್ನೋ ಆಯುಧವನ್ನೋ ವಿದ್ಯೆಯನ್ನೋ ತನ್ನ ಪಾತ್ರಕ್ಕೆ ಸೇರಿಸಿಕೊಳ್ಳಬೇಕಾದರೆ, ಆ ಪುಸ್ತಕವನ್ನು ಆಟಗಾರನೇ ತಂದು ತೋರಿಸಬೇಕು. ಇಲ್ಲವೇ ಕೊಂಡವನ ಹೆಸರು ಪುಟಪುಟದಲ್ಲೂ ನೀರಚ್ಚಾಗಿ ಮೂಡಿದ ಪಿಡಿಎಫ್ ಪ್ರತಿಯನ್ನೋ ಅದರಿಂದ ತೆಗೆದ ಹಾಳೆಗಳನ್ನೋ ತೋರಿಸಬೇಕು. ಪಕ್ಕದಲ್ಲಿ ಕುಳಿತ ಗೆಳೆಯನ ಪುಸ್ತಕದ ನೆರಳುಪ್ರತಿ ಸಲ್ಲದು. ಅಡ್ವೆಂಚರರ್ಸ್ ಲೀಗಿನಲ್ಲಿ ಕೆಲವು ವರ್ಷ ಬೇರೊಂದು ಬಗೆಯ ಮಿತಿಯಿತ್ತು: ಆಟಗಾರನ ಕೈಪಿಡಿ ಮತ್ತು ಅದರ ಮೇಲೆ ಇನ್ನೊಂದೇ ಒಂದು ಗ್ರಂಥ, ಅಷ್ಟರಿಂದಲೇ ಪಾತ್ರವನ್ನು ಕಟ್ಟಬೇಕು. ಅದು ಪಾತ್ರ ಅತಿಯಾಗಿ ಬಲಿಯದಂತೆ ಹಾಕಿದ ಕಟ್ಟು. ಆದರೂ ಪುಸ್ತಕಗಳ ರಾಶಿಯಿಂದ ಬಡ ಆಟಗಾರನನ್ನು ಕಾಪಾಡಿತೆಂದು ನನ್ನ ಅಳಿಯನ ಅಭಿಪ್ರಾಯ.

ಅವನಿಗೆ ಇದರ ಬಿಸಿ ತಟ್ಟಿದೆ. ಯಾವ ಊರು, ಯಾರ ಮೇಜು ಎಂಬುದು ಇಲ್ಲಿ ಮುಖ್ಯವಲ್ಲ. ಗೆಳೆಯನ ಪುಸ್ತಕವನ್ನು ತಿಂಗಳುಗಟ್ಟಲೆ ಓದಿ, ಬೇಕಾದ ಪುಟಗಳನ್ನು ಕೈಯಾರೆ ನಕಲು ಮಾಡಿಕೊಂಡು, ಒಂದು ಪಾತ್ರವನ್ನು ಸಿದ್ಧಪಡಿಸಿಕೊಂಡು ಹೋಗಿದ್ದ. ಮೇಜಿನ ಮುಖ್ಯಸ್ಥರು ವಿನಯದಿಂದಲೇ, ಪುಸ್ತಕ ಎಲ್ಲಿ ಎಂದು ಕೇಳಿದರು. ಇವನು ನೋಟುಪುಸ್ತಕ ತೋರಿಸಿದ. ಅವರು ಎರಡು ಪ್ರಶ್ನೆ ಹಾಕಿದರು, ಇವನು ಎರಡಕ್ಕೂ ತಪ್ಪಿಲ್ಲದೆ ಉತ್ತರಿಸಿದ. ಆದರೂ ಆ ದಿನ ಇವನಿಗೆ ಸಿಕ್ಕಿದ್ದು ಸಂಘಟಕರೇ ಮೊದಲೇ ಬರೆದಿಟ್ಟಿದ್ದ ಒಂದು ಸಿದ್ಧ ಪಾತ್ರ. ಆಟವೇನೋ ಆಡಿ ಬಂದ. “ಬೇರೆಯವರ ಅಂಗಿ ತೊಟ್ಟು ಮದುವೆಗೆ ಹೋದ ಹಾಗಿತ್ತು ಮಾವ” ಎಂದು ಹೇಳುವಾಗ ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕೋಚವೇ ಹೆಚ್ಚಾಗಿತ್ತು.

ನಿಯಮ ಮಾಡಿದವರ ಕಡೆಯ ನ್ಯಾಯವನ್ನೂ ಕೇಳಬೇಕು. ಮೊದಲನೆಯದಾಗಿ, ಈ ಆಟದ ಪುಸ್ತಕಗಳು ಒಂದೆರಡಲ್ಲ, ಹತ್ತಾರು. ಕಥೆ ನಡೆಸುವವನು ಅವೆಲ್ಲವನ್ನೂ ಓದಿರಲಾರ, ಕೊಂಡಿರಲಂತೂ ಆರ. ನನ್ನ ಮಂತ್ರಕ್ಕೆ ಇಂಥ ಶಕ್ತಿಯುಂಟು ಎಂದು ಒಬ್ಬ ಸಾಧಿಸಿದಾಗ, ಪುಟ ತೆರೆದು ತೋರಿಸು ಎಂದು ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಸಾಕ್ಷ್ಯದ ಭಾರ ವಾದಿಯ ಮೇಲೆ. ಎರಡನೆಯದಾಗಿ, ಈ ಕೂಟಗಳನ್ನು ಊರೂರುಗಳಲ್ಲಿ ನಡೆಸುವವರು ಹೆಚ್ಚಾಗಿ ಸ್ವಯಂಸೇವಕರು. ಅವರ ಕೈಗೆ ಕಥೆಗಳನ್ನು ಬರೆಸಿ ಕೊಡುವ ವೆಚ್ಚ ಪ್ರಕಾಶಕನದು. ಪುಸ್ತಕ ಮಾರಾಟವಾಗದಿದ್ದರೆ ಕೂಟವೂ ನಿಲ್ಲುತ್ತದೆ. ಮೂರನೆಯದಾಗಿ, ಕಳ್ಳ ಪ್ರತಿಗಳ ಕಾಟ. ಒಬ್ಬ ಕೊಂಡದ್ದು ಮರುದಿನ ಸಾವಿರ ಮೊಬೈಲುಗಳಲ್ಲಿ ಹರಿದಾಡುವ ಕಾಲದಲ್ಲಿ, ಬರೆದವನ ಹೊಟ್ಟೆಪಾಡನ್ನು ಯಾರಾದರೂ ಕಾಯಬೇಕು. ಕನ್ನಡ ಲೇಖಕರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಸಂಘದ ವಾಚನಾಲಯದಿಂದ ಹೋದ ಪುಸ್ತಕಗಳಲ್ಲಿ ಮರಳಿದವೆಷ್ಟು ಎಂಬುದನ್ನು ಬಲ್ಲ ಹಿರಿಯರೂ ಈ ಸಭೆಯಲ್ಲಿದ್ದಾರೆ.

ಈ ಮೂರು ನ್ಯಾಯಗಳನ್ನು ಒಪ್ಪಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಪಾತ್‌ಫೈಂಡರ್ ಆಟದ ನಿಯಮಪಾಠ ಬಹುಮಟ್ಟಿಗೆ ಮುಕ್ತ ಪರವಾನಗಿಯಡಿ ಇರುವಂಥದು. ‘ಆರ್ಕೈವ್ಸ್ ಆಫ್ ನೀಥಿಸ್’ ಎಂಬ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಕಾಸಿಲ್ಲದೆ, ಕಾನೂನಿಗೆ ಒಳಪಟ್ಟೇ ಓದಬಹುದು. ಡಂಜನ್ಸ್ ಅಂಡ್ ಡ್ರಾಗನ್ಸ್ ಕೂಡ 2014ರಲ್ಲಿ ತನ್ನ ಮೂಲ ನಿಯಮಗಳ ಸಂಗ್ರಹವನ್ನು ಉಚಿತವಾಗಿ ಕೊಟ್ಟಿತು. 2023ರ ಜನವರಿಯಲ್ಲಿ ಹಳೆಯ ಮುಕ್ತ ಪರವಾನಗಿಯನ್ನು ಬಿಗಿ ಮಾಡಹೊರಟು, ಆಟಗಾರರ ಪ್ರತಿಭಟನೆಯನ್ನು ಎದುರಿಸಲಾರದೆ ಹಿಂದೆಗೆದು, ಅದೇ ತಿಂಗಳ ಕೊನೆಗೆ ನಿಯಮಗಳ ಆಧಾರಪಾಠವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲೋಕಕ್ಕೇ ಬಿಟ್ಟುಕೊಟ್ಟಿತು. ಅಂದರೆ ನಿಯಮವನ್ನು ಓದಲು ಅಡ್ಡಿಯಿಲ್ಲ, ಕಲಿಯಲು ಅಡ್ಡಿಯಿಲ್ಲ. ಕೆಲವು ಮೇಜುಗಳಲ್ಲಿ ಅದನ್ನು ಬಳಸಲು ಮಾತ್ರ ಅದರ ಒಡೆಯನಾಗಿರಬೇಕು. 2014ರ ಆಟಗಾರನ ಕೈಪಿಡಿಯ ಮುಖಬೆಲೆ 49.95 ಡಾಲರ್, ಅದರ ಜೊತೆಗಿನ ಇನ್ನೆರಡು ಮುಖ್ಯ ಗ್ರಂಥಗಳಿಗೂ ಅಷ್ಟಷ್ಟೇ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಇದು ಸಣ್ಣ ಮೊತ್ತವಲ್ಲ. ಬಲ್ಲವನಾಗಿರುವುದು ಬೇರೆ, ಉಳ್ಳವನಾಗಿರುವುದು ಬೇರೆ. ಬಲ್ಲೆಯಾ ಎಂದು ಕೇಳಬೇಕಾದ ಕಡೆ ಉಂಟೇ ಎಂದು ಕೇಳಿದಾಗ, ಆಟದ ಬಾಗಿಲಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಬಂದು ಕುಳಿತಂತಾಗುತ್ತದೆ.

ನಮ್ಮ ಸಂಪ್ರದಾಯ ಈ ತೊಡಕನ್ನು ಹೇಗೆ ಬಿಡಿಸಿಕೊಂಡಿತು? ಕುಮಾರವ್ಯಾಸನ ಭಾರತ ಹಳ್ಳಿಹಳ್ಳಿಗೆ ತಲುಪಿದ್ದು ಮನೆಮನೆಗೊಂದು ಪ್ರತಿಯಿಂದಲ್ಲ. ಊರಿಗೆ ಒಂದು ಓಲೆಗರಿಯ ಕಟ್ಟು, ಆಮೇಲಾಮೇಲೆ ಒಂದು ಅಚ್ಚಿನ ಪುಸ್ತಕ. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರೆಲ್ಲ ಕಿವಿಯಾಗಿ ಕೇಳುವರು. ಕೇಳಿ ಕೇಳಿ ಅಕ್ಷರವರಿಯದ ಒಕ್ಕಲಿಗನೂ ವ್ಯಾಖ್ಯಾನಕಾರನ ತಪ್ಪನ್ನು ಎತ್ತಿ ತೋರಿಸಬಲ್ಲವನಾಗುತ್ತಿದ್ದ. ತಾಳಮದ್ದಳೆಯಲ್ಲಿಯೂ ಅಷ್ಟೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳನ್ನು ಆಡುವಾಗ ಪ್ರಸಂಗದ ಪುಸ್ತಕ ಇರುವುದು ಭಾಗವತನ ಬಳಿ. ಹಾಡು ಎಲ್ಲಿ ಮುಗಿಯುತ್ತದೆ, ಮುಂದಿನ ಪದ ಯಾವುದು ಎಂಬ ಚೌಕಟ್ಟು ಅವನದು. ಅದರೊಳಗೆ ಮಾತು ಬೆಳೆಸುವುದು ಅರ್ಥಧಾರಿಯ ಸ್ವಾತಂತ್ರ್ಯ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತಾಗ ಅವರೆದುರು ಪುಸ್ತಕವಿದೆಯೇ ಎಂದು ನೋಡಿದವರಿಲ್ಲ. ಅವರೊಳಗೆ ಎಷ್ಟು ಪುಸ್ತಕಗಳಿವೆ ಎಂದು ಬೆರಗಾದವರೇ ಎಲ್ಲ.

ಈ ಹೋಲಿಕೆಯನ್ನು ಅತಿಗೆ ಎಳೆಯಬಾರದು. ತಾಳಮದ್ದಳೆಯಲ್ಲಿ ವಾಲಿ ಸಾಯಲೇಬೇಕು. ಮಾತಿನಲ್ಲಿ ಗೆದ್ದರೂ ಬಾಣದಿಂದ ತಪ್ಪಿಸಿಕೊಳ್ಳಲಾರ. ಅಲ್ಲಿ ಅಂಕೆಯ ಲೆಕ್ಕವಿಲ್ಲ. ದಾಳದ ಆಟದಲ್ಲಿ ಒಂದಂಕಿಯ ಹೆಚ್ಚುಕಡಿಮೆಯಿಂದ ಪಾತ್ರ ಉಳಿಯುತ್ತದೆ ಅಥವಾ ಅಳಿಯುತ್ತದೆ. ಆದ್ದರಿಂದ ಅಲ್ಲಿ ಪುಸ್ತಕ ಕೈಗೆಟಕುವಂತೆ ಇರಲೇಬೇಕು, ಒಪ್ಪುತ್ತೇನೆ. ಆದರೆ ಮೇಜಿನ ಮೇಲೆ ಪುಸ್ತಕವಿರಬೇಕು ಎಂಬುದು ಒಂದು ಮಾತು. ಮೇಜಿನ ಸುತ್ತ ಕುಳಿತ ಪ್ರತಿಯೊಬ್ಬನೂ ಪುಸ್ತಕದ ಒಡೆಯನಾಗಿರಬೇಕು ಎಂಬುದು ಬೇರೆಯೇ ಮಾತು. ಮೊದಲನೆಯದು ಆಟದ ಅಗತ್ಯ, ಎರಡನೆಯದು ವ್ಯಾಪಾರದ ಅಗತ್ಯ. ಎರಡಕ್ಕೂ ಒಂದೇ ವಾಕ್ಯದ ಅಂಗಿ ತೊಡಿಸಿದಾಗಲೇ ಗೊಂದಲ.

ಪ್ರತಿಯೊಬ್ಬರಲ್ಲೂ ಪುಸ್ತಕವಿರಲೇಬೇಕೆಂದು ನಿಜವಾಗಿ ಬಯಸಿದವರೊಬ್ಬರು ನಮ್ಮ ಚರಿತ್ರೆಯಲ್ಲಿದ್ದಾರೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಮರೆಯಾಗಬಾರದೆಂದು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಲಿಪಿಕಾರನು ಕೊರೆಯಬೇಕು, ಮಸಿ ತುಂಬಬೇಕು, ಕಟ್ಟಬೇಕು. 1974ರ ಆ ಪೆಟ್ಟಿಗೆಯ ಮೊದಲ ಮುದ್ರಣವೂ 1000 ಪ್ರತಿಯೇ ಎಂದು ಕೇಳಿದಾಗ ನನಗೆ ಅವಳು ನೆನಪಾದಳು. ಆ ಸಾವಿರ ಮಾರಾಟಕ್ಕೆ, ಈ ಸಾವಿರ ದಾನಕ್ಕೆ; ಮಾರಾಟವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಪುಸ್ತಕವಿಲ್ಲದವನಿಗೆ ಪ್ರವೇಶವಿಲ್ಲ ಎನ್ನುವ ಅಧಿಕಾರ ಯಾರಿಗಾದರೂ ಇರುವುದಾದರೆ, ಅದು ಪುಸ್ತಕವನ್ನು ಮೊದಲು ಕೊಟ್ಟು ನೋಡಿದವರಿಗೆ ಮಾತ್ರ ಎಂದು ಹೇಳುತ್ತಿದ್ದೇನೆ.

ನಮ್ಮ ಕಣಿವೆಯಲ್ಲಿ ಪುಸ್ತಕವೇ ಇಲ್ಲದ ನಿಯಮಗಳೂ ಇವೆ. ಕಂಬಂ ಊರಿನಲ್ಲಿ ನಂದಗೋಪಾಲ ತಂಬಿರಾನ್ ಮಾಟ್ಟುತ್ತೊಳು ಎಂಬ ದೇವರ ದನಗಳ ಕೊಟ್ಟಿಗೆಯಿದೆ. ಮನೆಮಾತು ಕನ್ನಡವಾಗಿರುವ ಕಾಪ್ಪಿಲಿಯರು, ಅಂದರೆ ಇಲ್ಲಿಯ ಕನ್ನಡ ಒಕ್ಕಲಿಗರು, ತಲೆಮಾರುಗಳಿಂದ ನಡೆಸಿಕೊಂಡು ಬಂದ ಸ್ಥಳ ಅದು. ಮಾಟ್ಟುಪ್ಪೊಂಗಲ್ ದಿನ ಅಲ್ಲಿ ಸೇರುವ ಜನಸಂದಣಿಯನ್ನು ಕಂಡೇ ತಿಳಿಯಬೇಕು. ಆ ಹಿಂಡಿಗೊಂದು ಪಟ್ಟದ ಹೋರಿಯುಂಟು. ಅದು ತೀರಿಕೊಂಡರೆ ಮುಂದಿನದನ್ನು ಆರಿಸುವ ಕ್ರಮವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಹಿಂಡಿನ ಮುಂದೆ ಪೂಜೆ ಸಲ್ಲಿಸಿ ಕಬ್ಬಿನ ಕಟ್ಟನ್ನು ಇಡುತ್ತಾರೆ. ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಯಾವ ಹೋರಿ ಕಬ್ಬಿನ ಬಳಿಗೆ ಬರುತ್ತದೆಯೋ ಅದಕ್ಕೆ ಪಟ್ಟ. ಈ ಕ್ರಮ ಉಳಿದದ್ದು ಯಾವ ಮನೆಯ ಪೆಟ್ಟಿಗೆಯಲ್ಲೂ ಅಲ್ಲ, ಸುತ್ತ ನಿಂತವರ ಕಣ್ಣಿನಲ್ಲಿ. ಯಾರಾದರೂ ಮೋಸ ಮಾಡಹೊರಟರೆ ಸಾಕ್ಷಿಗೆ ಊರೇ ಇರುತ್ತದೆ. ನಿಯಮವನ್ನು ಕಾಯುವುದು ಬರಹ ಮಾತ್ರವಲ್ಲ, ಸೇರಿದ ಜನವೂ ಹೌದು.

ಕಣಿವೆಯ ಮಾತೆತ್ತಿದ ಮೇಲೆ ನಮ್ಮ ಕನ್ನಡದ ಮಾತೂ ಬರಬೇಕು. ತೇನಿಯಿಂದ ಚಿನ್ನಮನೂರು, ಉತ್ತಮಪಾಳಯಂ ದಾಟಿ ಕಂಬಂವರೆಗಿನ ದಾರಿಯ ಎರಡೂ ಬದಿಯಲ್ಲಿ, ದ್ರಾಕ್ಷಿಯ ಚಪ್ಪರಗಳ ಮತ್ತು ಪೆರಿಯಾರಿನ ನೀರುಂಡ ಗದ್ದೆಗಳ ನಡುವೆ, ಕನ್ನಡ ಆಡುವ ಮನೆಗಳು ಇಂದಿಗೂ ಇವೆ. ಆಚೆ ದಿಂಡಿಗಲ್ ಸೀಮೆಯಲ್ಲಿ ಅನುಪ್ಪರ ಮನೆಗಳಿವೆ, ದೇವಾಂಗ ನೇಕಾರರ ಮನೆಗಳಿವೆ. ದಿಂಡಿಗಲ್ ಕೋಟೆ ಒಂದು ಕಾಲಕ್ಕೆ ಮೈಸೂರಿನದು. ಹೈದರಾಲಿ 1755ರಲ್ಲಿ ಅಲ್ಲಿಯ ಫೌಜುದಾರನಾಗಿದ್ದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅದು ಇಂಗ್ಲಿಷರ ಪಾಲಾಯಿತು. ಆದರೆ ಈ ಕನ್ನಡಕ್ಕೆ ಶಾಲೆಯಿಲ್ಲ, ಪಠ್ಯವಿಲ್ಲ. ನಾವು ಅಕ್ಷರ ತಿದ್ದಿದ್ದು ತಮಿಳಿನಲ್ಲಿ. ನಾನು ಕನ್ನಡ ಲಿಪಿಯನ್ನು ಕಲಿತದ್ದು ಉದ್ಯೋಗ ನಿಮಿತ್ತ ಮೈಸೂರಿಗೆ ಹೋದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ, ಬಸ್ಸುಗಳ ಬೋರ್ಡು ಓದುತ್ತ. ಅಲ್ಲಿಯವರೆಗೂ ನನ್ನ ಕನ್ನಡ ಪುಸ್ತಕವಿಲ್ಲದ ಕನ್ನಡ.

ನನ್ನ ಸೋದರತ್ತೆಗೆ ಆ ಅವಕಾಶವೂ ಒದಗಲಿಲ್ಲ. ಎಂಬತ್ತರ ಅಂಚಿನಲ್ಲಿರುವ ಅವರಿಗೆ ಹುಟ್ಟಿದ ಮಗುವಿನಿಂದ ಸತ್ತವರವರೆಗೆ ಎಲ್ಲಕ್ಕೂ ಹಾಡುಗಳು ಗೊತ್ತು. ಕೆಲವು ವರ್ಷಗಳ ಹಿಂದೆ, ದೂರದ ನಗರವೊಂದರ ಕನ್ನಡ ಕೂಟಕ್ಕೆ ಅವರನ್ನು ಕರೆದೊಯ್ದಿದ್ದೆ. ಬಾಗಿಲಲ್ಲಿ ನೋಂದಣಿಯ ಮೇಜು. ಹೆಸರು, ವಿಳಾಸ, ಹುಟ್ಟೂರು ಎಲ್ಲವನ್ನೂ ಕನ್ನಡದಲ್ಲೇ ತುಂಬಬೇಕೆಂಬ ನಮೂನೆ. ಅತ್ತೆ ಲೇಖನಿಯನ್ನು ಹಿಡಿದು ಸುಮ್ಮನೆ ನಿಂತರು. ಮೇಜಿನಲ್ಲಿದ್ದ ತರುಣ, ಕೆಟ್ಟ ಮನಸ್ಸಿನಿಂದಲ್ಲ, “ಅಜ್ಜಿಗೆ ಕನ್ನಡ ಬರುವುದಿಲ್ಲವೇ?” ಎಂದು ನನ್ನನ್ನು ಕೇಳಿದ. ಉತ್ತರ ಕೊಟ್ಟವರು ಅತ್ತೆಯೇ, ನಮ್ಮ ಕಣಿವೆಯ ಕನ್ನಡದಲ್ಲಿ: “ಬಾರದೆ ಏನಪ್ಪಾ, ನೀನು ಕೇಳಿದ್ದು ನನಗೆ ತಿಳಿಯಿತಲ್ಲ!” ಸುತ್ತಲಿದ್ದವರು ನಕ್ಕರು, ತರುಣನೂ ನಕ್ಕ, ನಮೂನೆಯನ್ನು ತಾನೇ ತುಂಬಿಕೊಟ್ಟ. ಆದರೆ ಆ ದಿನವೆಲ್ಲ ಅತ್ತೆ ಹಿಂದಿನ ಸಾಲಿನ ಕುರ್ಚಿಯಿಂದ ಏಳಲಿಲ್ಲ. ಜನಪದ ಗೀತೆಗಳ ಗೋಷ್ಠಿಯಲ್ಲಿ ಮೂವರು ವಿದ್ವಾಂಸರು ಪ್ರಬಂಧ ಓದಿದರು. ಹಾಡು ಬಲ್ಲವರು ಹಿಂದೆ ಕುಳಿತೇ ಇದ್ದರು.

ಅಳಿಯ ತನ್ನ ಆಟದ ಸಂಗತಿ ಹೇಳಿದಾಗ ನನಗೆ ಇದು ಕಣ್ಣಿಗೆ ಕಟ್ಟಿತು. ಲಿಪಿ ನಮ್ಮ ಸಂಘಟಿತ ಕನ್ನಡದ ನಿಯಮಪುಸ್ತಕ. ಅದಿಲ್ಲದೆ ಊರೂರಿನ ಕನ್ನಡ ಒಂದಕ್ಕೊಂದು ತಿಳಿಯದು. ಸಂಘವೂ ನಡೆಯದು, ಈ ಸಂಚಿಕೆಯೂ ಹೊರಬಾರದು. ಅದನ್ನು ಬೇಡವೆನ್ನುವಷ್ಟು ಅವಿವೇಕ ನನ್ನದಲ್ಲ. ಆದರೆ ಲಿಪಿ ಉಳ್ಳವರು ಮಾತ್ರ ಕನ್ನಡದವರು ಎಂಬ ಕಟ್ಟಳೆ ಎಲ್ಲಿಯೂ ಬರೆದಿರದೆ, ಎಲ್ಲ ಕಡೆಯೂ ನಡೆಯುತ್ತಿದೆ. ಆಟ ಬಲ್ಲವನಿಗೆ ಪುಸ್ತಕವಿಲ್ಲವೆಂದು ಬೇರೆಯವರ ಪಾತ್ರ ಕೊಟ್ಟಂತೆ, ಮಾತು ಬಲ್ಲವರಿಗೆ ಅಕ್ಷರವಿಲ್ಲವೆಂದು ಪ್ರೇಕ್ಷಕರ ಕುರ್ಚಿ ಕೊಡುತ್ತಿದ್ದೇವೆ.

ಇದಕ್ಕೆ ಎದುರಾದ ಅಪಾಯವೂ ಅಷ್ಟೇ ನಿಜ. ಪುಸ್ತಕವಿಲ್ಲದ ಆಟ ಕೊನೆಯ ಆಟಗಾರನೊಡನೆ ಸಾಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಹಲಗೆಯಾಟಗಳನ್ನು ಬರೆದಿಡಿಸಿದ್ದರಿಂದ, ಇಂದು ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರಿಗೆ ಹಳೆಯ ಆಟಗಳನ್ನು ಮತ್ತೆ ಜನರ ಮುಂದೆ ಇಡುವಾಗ ಹಿಡಿಯಲೊಂದು ಆಧಾರವಿದೆ. ನಮ್ಮ ಕಣಿವೆಯ ಬಂಡೆಗಳ ಮೇಲೆ ಕೊರೆದ ಆಡು ಹುಲಿಯ ಗೆರೆಗಳನ್ನು ನಾನು ನೋಡಿದ್ದೇನೆ; ಕೆಲವು ಗೆರೆಗಳ ಮೇಲೆ ಯಾವ ಕಾಯಿ ಹೇಗೆ ನಡೆಯುತ್ತಿತ್ತೆಂದು ಹೇಳುವವರು ಈಗ ಊರಲ್ಲಿಲ್ಲ. ಅತ್ತೆಯ ಹಾಡುಗಳಿಗೂ ಅದೇ ಗತಿ ಬರಬಹುದು. ಅವರ ಮೊಮ್ಮಕ್ಕಳು ಅವರಿಗೆ ಉತ್ತರಿಸುವುದು ತಮಿಳಿನಲ್ಲಿ. ಆದ್ದರಿಂದ ಪುಸ್ತಕ ಬೇಕು, ಬೇಗ ಬೇಕು. ಆದರೆ ಅದನ್ನು ಮಾಡುವ ಹೊಣೆ ಬರೆಯಬಲ್ಲ ನಮ್ಮ ಮೇಲಿದೆ. ತಂದು ತೋರಿಸುವ ಹೊಣೆಯನ್ನು ಅವರ ಮೇಲೆ ಹೊರಿಸಲಾಗದು.

ದಿಂಡಿಗಲ್ಲಿನ ಬೀಗ ಲೋಕಪ್ರಸಿದ್ಧ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕೈಯಿಂದ ಮಾಡಿದ ಆ ಬೀಗಗಳ ಮೇಲೆ ನನಗೆ ಅಭಿಮಾನವೇ. ಕಣಜಕ್ಕೆ, ಹುಂಡಿಗೆ, ತಿಜೋರಿಗೆ ಬೀಗ ಬೇಕು. ಜಗಲಿಗೆ ಯಾರೂ ಬೀಗ ಹಾಕುವುದಿಲ್ಲ. ಆಟವೂ ಭಾಷೆಯೂ ಜಗಲಿಯ ಸ್ವತ್ತು. ಪುಸ್ತಕವನ್ನು ಒಳಗಿನ ಕಪಾಟಿನಲ್ಲಿಟ್ಟು ಕಾಯೋಣ, ಬರೆದವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಆಡುವ ಹೊತ್ತಿಗೆ ಅದನ್ನು ತಂದು ಎಲ್ಲರ ನಡುವೆ ತೆರೆದಿಡೋಣ.

ನಮ್ಮ ಸಂಘದ ಮುಂದೆ ನನ್ನ ಬಿನ್ನಹ ಮೂರೇ. ಮುಂದಿನ ಸಮ್ಮೇಳನದ ನೋಂದಣಿ ಮೇಜಿನಲ್ಲಿ, ಹೇಳಿದ್ದನ್ನು ಬರೆದುಕೊಳ್ಳುವ ಇಬ್ಬರು ಸ್ವಯಂಸೇವಕರು ಕುಳಿತಿರಲಿ. ನಮೂನೆ ತುಂಬಲಾಗದೆ ಯಾರೂ ಬಾಗಿಲಲ್ಲಿ ನಿಲ್ಲದಿರಲಿ. ಗೋಷ್ಠಿಗಳಲ್ಲೊಂದನ್ನು ಪ್ರಬಂಧವಿಲ್ಲದ ಗೋಷ್ಠಿಯಾಗಿ ಇಟ್ಟು, ಕಂಬಂ, ಬೋಡಿನಾಯಕನೂರು, ದಿಂಡಿಗಲ್ ಕಡೆಯ ಹಿರಿಯರನ್ನು ವೇದಿಕೆಗೆ ಕರೆಯಲಿ; ಅವರು ಹಾಡಿದ್ದನ್ನು, ಹೇಳಿದ್ದನ್ನು ಲಿಪಿ ಬಲ್ಲವರು ಬರೆದುಕೊಳ್ಳಲಿ. ಆ ಬರಹ ಪುಸ್ತಕವಾದಾಗ ಅದರ ಮೊದಲ ಪ್ರತಿಗಳು, ಓದಲು ಬಾರದಿದ್ದರೂ ಸರಿ, ಹಾಡಿದವರ ಮನೆಗೇ ಹೋಗಲಿ. ಅವರ ಮನೆಯಲ್ಲಿ ಮುಂದೆಂದಾದರೂ ಓದಬಲ್ಲ ಮಗುವೊಂದು ಹುಟ್ಟಿ ಬೆಳೆದಾಗ, ಕನ್ನಡ ಕಲಿಯಲು ಆ ಮಗುವಿಗೆ ಬೇರೆ ಪುಸ್ತಕ ಕೊಳ್ಳಬೇಕಾಗಿ ಬರುವುದಿಲ್ಲ.